ಪಾಠದ ನಂತರ ಬರೆಯುವ ಆ ನಾಲ್ಕು ಸಾಲುಗಳಿಂದ ಶಿಕ್ಷಕರು ಬೆಳೆಯುತ್ತಾರೆಯೇ?

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಕಳೆದ ವರ್ಷದಿಂದ ನಮ್ಮಲ್ಲಿ ಪ್ರತಿ ಪಾಠದ ನಂತರವೂ ‘ಪ್ರತಿಫಲನ ಪುಸ್ತಕ’ ಬರೆಯಬೇಕಾಗಿದೆ. ‘ಪಾಠ ಚೆನ್ನಾಗಿ ನಡೆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು, ಮುಂದಿನ ಬಾರಿ ಹೆಚ್ಚು ಪಾಠೋಪಕರಣ ಬಳಸುವೆ’ ಎಂದು ಬರೆದು ಸಹಿ ಹಾಕಿಸುತ್ತೇನೆ. ಆ ಹೊತ್ತಿನಲ್ಲಿ ನಾಳಿನ ಪಾಠಕ್ಕೆ ನಾಲ್ಕು ಪುಟ ಓದಿಕೊಂಡರೆ ಹೆಚ್ಚು ಉಪಯೋಗವಲ್ಲವೇ? ನಮ್ಮ ಶಾಲೆಯ ಅತ್ಯುತ್ತಮ ಶಿಕ್ಷಕಿ ಈ ಪುಸ್ತಕವನ್ನು ಒಂದು ದಿನವೂ ಮನಸ್ಸಿಟ್ಟು ಬರೆದವರಲ್ಲ. ಶಿಕ್ಷಕರ ವೃತ್ತಿ ಸಾಮರ್ಥ್ಯಕ್ಕೂ ಈ ಮರುಚಿಂತನೆಗೂ ನಿಜವಾಗಿ ಸಂಬಂಧವಿದೆಯೇ? ಮುಖ್ಯಶಿಕ್ಷಕರಿಗೆ ನಾನು ಏನು ಹೇಳಲಿ?

ಉತ್ತರ: ನೀವು ಬರೆಯುತ್ತಿರುವುದು ದಾಖಲೆ, ಮರುಚಿಂತನೆಯಲ್ಲ. ಆದ್ದರಿಂದ ಅದರಿಂದ ಏನೂ ಆಗುತ್ತಿಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಆ ಪುಸ್ತಕವನ್ನು ನೋಡಿ ಮರುಚಿಂತನೆಯೇ ವ್ಯರ್ಥ ಎಂದು ತೀರ್ಮಾನಿಸಿದರೆ, ಹಾಜರಿ ಪುಸ್ತಕ ನೋಡಿ ಮಕ್ಕಳ ಕಲಿಕೆಯನ್ನು ಅಳೆದಂತಾಗುತ್ತದೆ.

ತೊಂದರೆಯ ಒಂದು ಪಾಲು ಪದದಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ‘ಪ್ರತಿಫಲನ’ ಕನ್ನಡಿಯ ಕೆಲಸ. ಎದುರಿಗೆ ಇದ್ದುದನ್ನು ಇದ್ದ ಹಾಗೆ ತೋರಿಸಿ ಸುಮ್ಮನಾಗುತ್ತದೆ. ‘ಆತ್ಮಾವಲೋಕನ’ ಎಂದರೆ ತಪ್ಪೊಪ್ಪಿಗೆಯ ವಾಸನೆ ಬರುತ್ತದೆ, ಬರೆಯುವವರು ಮೊದಲ ಸಾಲಿನಲ್ಲೇ ತಲೆ ತಗ್ಗಿಸುತ್ತಾರೆ. ಈ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಒಪ್ಪುವ ಮಾತೊಂದಿದೆ: ಮೆಲುಕು ಹಾಕುವುದು. ಹಸು ಮೇಯುವಾಗ ಅವಸರದಲ್ಲಿ ನುಂಗುತ್ತದೆ, ನೆರಳಿನಲ್ಲಿ ಮಲಗಿದ ಮೇಲೆ ಅದನ್ನೇ ಬಾಯಿಗೆ ತಂದು ಅಗಿಯುತ್ತದೆ. ತರಗತಿ ಮೇಯುವ ಹೊತ್ತು. ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಒಂದು ದಿನದಲ್ಲಿ ಮಕ್ಕಳೊಡನೆ ಸಾವಿರದಷ್ಟು ಸಲ ಮಾತಿನ ಕೊಡುಕೊಳ್ಳುವಿಕೆ ನಡೆಸುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕ ಫಿಲಿಪ್ ಜಾಕ್ಸನ್ 1968ರಲ್ಲಿ ಅಂದಾಜು ಮಾಡಿದ್ದರು. ಪ್ರೌಢಶಾಲೆಯಲ್ಲಿ ಅದು ಕಡಿಮೆಯೇ ಇರಲಿ, ಯಾರನ್ನು ಕೇಳಬೇಕು, ಯಾವ ಉತ್ತರವನ್ನು ಒಪ್ಪಬೇಕು, ಯಾವ ಗದ್ದಲವನ್ನು ಕಂಡೂ ಕಾಣದಂತೆ ಬಿಡಬೇಕು ಎಂಬ ತೀರ್ಮಾನಗಳನ್ನೆಲ್ಲ ನಾವು ಕ್ಷಣಮಾತ್ರದಲ್ಲಿ ನುಂಗಿಕೊಂಡು ಮುಂದೆ ಹೋಗುತ್ತೇವೆ. ಅಷ್ಟನ್ನೂ ಸಂಜೆ ಅಗಿಯುವುದು ಯಾರಿಂದಲೂ ಆಗದು. ಒಂದನ್ನು ಅಗಿಯಬಹುದು. ನಿಮ್ಮ ಪುಸ್ತಕ ಕೇಳುತ್ತಿರುವುದು ಎಲ್ಲವನ್ನೂ. ನಿಮ್ಮ ನಾಲ್ಕು ಸಾಲುಗಳು ಯಾವ ಪಾಠಕ್ಕೂ ಒಪ್ಪುವಷ್ಟು ತೆಳುವಾಗಿರುವುದು ಅದಕ್ಕೇ.

ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಅಮೆರಿಕದ ತತ್ವಜ್ಞಾನಿ, ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಅವರನ್ನು. ನಾವು ಅನುಭವದಿಂದ ಕಲಿಯುವುದಿಲ್ಲ, ಅನುಭವದ ಬಗ್ಗೆ ಚಿಂತಿಸುವುದರಿಂದ ಕಲಿಯುತ್ತೇವೆ ಎಂಬ ಮಾತನ್ನು ಅವರ ಹೆಸರಿನಲ್ಲಿ ತರಬೇತಿಯ ಸ್ಲೈಡುಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಆ ವಾಕ್ಯ ಅವರ ಬರಹಗಳಲ್ಲಿ ಆ ರೂಪದಲ್ಲಿ ಇಲ್ಲ. ಯಾರೋ ಅವರ ವಿಚಾರವನ್ನು ಹಿಂಡಿ ತೆಗೆದ ರಸ. 1910ರಲ್ಲಿ ಅವರು ಹೇಳಿದ್ದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಚಿಂತನೆ ಹುಟ್ಟುವುದು ತೊಡಕಿನಿಂದ. ನೇರ ದಾರಿಯಲ್ಲಿ ನಡೆಯುವವನು ಯೋಚಿಸುವುದಿಲ್ಲ, ಕವಲು ಎದುರಾದಾಗ ನಿಲ್ಲುತ್ತಾನೆ, ಗುರುತು ಹುಡುಕುತ್ತಾನೆ. ಹಾಗಾದರೆ ದಿನಕ್ಕೆ ಐದು ಪಾಠ ಮಾಡುವವರಿಗೆ ಐದು ಸಲ ಕಡ್ಡಾಯವಾಗಿ ತೊಡಕು ಹುಟ್ಟಬೇಕೆಂದು ಕೇಳುವುದು ಎಂತಹ ನ್ಯಾಯ? ಎಡವದೇ ಇದ್ದ ಕಾಲಿಗೆ ಮುಲಾಮು ಹಚ್ಚಿದಂತೆ.

ಎಡವಿದ ಒಂದು ಪಾಠವನ್ನೇ ತೆಗೆದುಕೊಳ್ಳೋಣ. ನೀವು ವಿಜ್ಞಾನದವರಾದ್ದರಿಂದ ಸಾಂದ್ರೀಕರಣದ, ಅಂದರೆ ಆವಿ ತಣಿದು ನೀರಾಗುವುದರ, ಪಾಠ ಇರಲಿ. ಮಂಜುಗಡ್ಡೆ ಹಾಕಿದ ಲೋಟದ ಹೊರಮೈಯಲ್ಲಿ ಹನಿಗಳು ಮೂಡಿವೆ. ‘ಈ ನೀರು ಎಲ್ಲಿಂದ ಬಂತು?’ ಎಂದು ಕೇಳುತ್ತೀರಿ. ಒಬ್ಬ ಹುಡುಗಿ ‘ಒಳಗಿನ ನೀರು ಜಿನುಗಿದೆ’ ಎನ್ನುತ್ತಾಳೆ. ನೀವು ‘ಅಲ್ಲ, ಬೇರೆ ಯಾರು ಹೇಳುತ್ತೀರಿ?’ ಎಂದು ಮುಂದಿನ ಬೆಂಚಿನ ಕಡೆ ತಿರುಗುತ್ತೀರಿ. ಅಲ್ಲಿಂದ ‘ಗಾಳಿಯಲ್ಲಿನ ನೀರಾವಿ’ ಎಂಬ ಸಿದ್ಧ ಉತ್ತರ ಬರುತ್ತದೆ. ಶಹಬ್ಬಾಸ್. ಪಾಠ ಮುಂದುವರಿಯುತ್ತದೆ. ಪರೀಕ್ಷೆಯಲ್ಲಿ ಆ ಹುಡುಗಿಯೂ ನೀರಾವಿ ಎಂದೇ ಬರೆಯುತ್ತಾಳೆ. ವರ್ಷ ಕಳೆದ ಮೇಲೆ ಅದೇ ಲೋಟ ತೋರಿಸಿ ಕೇಳಿದರೆ ‘ಜಿನುಗಿದೆ’ ಎಂದರೆ ಆಶ್ಚರ್ಯಪಡಬೇಡಿ.

ಈ ಪಾಠದ ಬಗ್ಗೆ ‘ಕೆಲವು ಮಕ್ಕಳಿಗೆ ಸಾಂದ್ರೀಕರಣ ಅರ್ಥವಾಗಲಿಲ್ಲ, ಇನ್ನೊಮ್ಮೆ ಪ್ರಯೋಗ ತೋರಿಸುವೆ’ ಎಂದು ಬರೆಯಬಹುದು. ಅದರಲ್ಲಿ ಸುಳ್ಳಿಲ್ಲ, ಸತ್ವವೂ ಇಲ್ಲ. ಅದೇ ಪ್ರಯೋಗವನ್ನು ಇನ್ನೊಮ್ಮೆ ತೋರಿಸಿದರೆ ಆಕೆ ಇನ್ನೊಮ್ಮೆ ಜಿನುಗುವುದನ್ನೇ ನೋಡುತ್ತಾಳೆ.

ಅಗಿಯುವುದು ಹೀಗೆ. ಆಕೆ ಹೇಳಿದ ಮಾತನ್ನು ಆಕೆಯ ಮಾತಿನಲ್ಲೇ ಬರೆದುಕೊಳ್ಳುತ್ತೀರಿ. ಆ ಮಾತು ಸರಿ ಎನ್ನಿಸಲು ಆಕೆ ಏನನ್ನು ನಂಬಿರಬೇಕು? ನೀರು ನೀರಿನಿಂದಲೇ ಬರಬೇಕು, ಕಾಣದ ನೀರು ಎಂಬುದೊಂದು ಇಲ್ಲ ಎಂದು. ಇದು ದಡ್ಡತನವಲ್ಲ, ಕಣ್ಣಿಗೆ ಕಂಡುದಕ್ಕೆ ನಿಷ್ಠೆ. ಆಮೇಲೆ ಕಷ್ಟದ ಪ್ರಶ್ನೆ: ನಾನು ಯಾಕೆ ತಿರುಗಿಬಿಟ್ಟೆ? ಬಹುಶಃ ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು, ಸರಿಯುತ್ತರ ಸಿಕ್ಕರೆ ಸಾಕಿತ್ತು. ಅಂದರೆ ನನ್ನ ಪ್ರಶ್ನೆ ಆಕೆಯ ತಿಳಿವನ್ನು ತಿಳಿಯಲು ಕೇಳಿದ್ದಲ್ಲ, ಪಾಠ ದಾಟಿಸಲು ಕೇಳಿದ್ದು. ಕೊನೆಗೆ, ನಾಳೆ ಏನು? ಲೋಟದೊಳಗೆ ಬಣ್ಣದ ನೀರು ಹಾಕಿ ಹೊರಗಿನ ಹನಿಯನ್ನು ಬಿಳಿ ಬಟ್ಟೆಯಿಂದ ಒರೆಸಬಹುದು. ಆದರೆ ಜಾಣ ಮಗು ‘ಬಣ್ಣ ಒಳಗೇ ಉಳಿದು ನೀರು ಮಾತ್ರ ಸೋಸಿಬಂದಿದೆ’ ಎಂದುಬಿಡಬಹುದು, ಹೇಳಬೇಕು ಕೂಡ. ಅದಕ್ಕಿಂತ, ಲೋಟಕ್ಕೆ ಮುಚ್ಚಳ ಹಾಕಿ, ಹೊರಮೈ ಒಣಗಿಸಿ, ಸೂಕ್ಷ್ಮ ತಕ್ಕಡಿಯ ಮೇಲೆ ಇಡಿ. ಜಿನುಗಿದ್ದೇ ಆದರೆ ಒಟ್ಟು ತೂಕ ಬದಲಾಗಬಾರದು. ಗಾಳಿಯಿಂದ ಬಂದದ್ದಾದರೆ ಹೆಚ್ಚಾಗಬೇಕು. ಯಾವುದಾಗುತ್ತದೆ ಎಂದು ಮೊದಲೇ ಊಹಿಸಿ ಬರೆಯಲು ಎಲ್ಲರಿಗೂ ಹೇಳಿ. ಗಾಳಿಯಲ್ಲಿ ತೇವ ಚೆನ್ನಾಗಿರುವ ದಿನ ಅಂಕಿ ಏರುವುದನ್ನು ತರಗತಿಯೇ ಬಗ್ಗಿ ನೋಡುತ್ತದೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಈ ಒಂದು ಮೆಲುಕಿನಿಂದ ನಿಮ್ಮ ಸಾಮರ್ಥ್ಯಕ್ಕೆ ಸೇರಿದ್ದು ಏನು? ಸಾಂದ್ರೀಕರಣ ನಿಮಗೆ ಮೊದಲೇ ಗೊತ್ತಿತ್ತು. ಪ್ರಶ್ನೆ ಕೇಳುವ ಕಲೆಯೂ ಗೊತ್ತಿತ್ತು. ಹೊಸದಾಗಿ ಗೊತ್ತಾದದ್ದು, ಸಾಂದ್ರೀಕರಣ ಎಂಬ ಈ ಒಂದು ವಿಷಯ ಮಕ್ಕಳಲ್ಲಿ ಎಲ್ಲಿ ಮುಗ್ಗರಿಸುತ್ತದೆ ಮತ್ತು ಅಲ್ಲಿ ಯಾವ ಊರುಗೋಲು ನಿಲ್ಲುತ್ತದೆ ಎಂಬುದು. ವಿಷಯಜ್ಞಾನವೂ ಅಲ್ಲದ, ಬರಿಯ ಬೋಧನಾ ವಿಧಾನವೂ ಅಲ್ಲದ, ಎರಡೂ ಬೆರೆತ ಈ ತಿಳಿವನ್ನೇ ಶಿಕ್ಷಣ ಮನಶ್ಶಾಸ್ತ್ರಜ್ಞ ಲೀ ಶುಲ್ಮನ್ 1986ರಲ್ಲಿ ಬೇರೆಯಾಗಿ ಗುರುತಿಸಿ ‘ವಿಷಯ-ಬೋಧನಾ ಜ್ಞಾನ’ ಎಂದು ಹೆಸರಿಟ್ಟರು. ಒಬ್ಬ ಭೌತವಿಜ್ಞಾನಿಗೂ ಭೌತವಿಜ್ಞಾನದ ಶಿಕ್ಷಕರಿಗೂ ಇರುವ ಅಂತರ ಇದೇ. ಮರುವರ್ಷ ಅವರೇ ಬೋಧನೆಯ ಚಿಂತನೆಯನ್ನು ಒಂದು ಚಕ್ರವಾಗಿ ವಿವರಿಸಿದರು: ವಿಷಯವನ್ನು ತಾನು ಅರಿಯುವುದು, ಮಕ್ಕಳಿಗೆ ತಕ್ಕಂತೆ ರೂಪಾಂತರಿಸುವುದು, ಕಲಿಸುವುದು, ಕಲಿತದ್ದನ್ನು ಪರಿಶೀಲಿಸುವುದು, ಮರುಚಿಂತನೆ, ಅಲ್ಲಿಂದ ಹೊಸ ಅರಿವು. ಮರುಚಿಂತನೆ ಇಲ್ಲಿ ಅಲಂಕಾರವಲ್ಲ. ಅದನ್ನು ತೆಗೆದುಬಿಟ್ಟರೆ ಚಕ್ರ ಕೂಡುವುದೇ ಇಲ್ಲ. ಹನ್ನೊಂದು ವರ್ಷದ ಅನುಭವ ಒಂದು ವರ್ಷದ ಅನುಭವವನ್ನು ಹನ್ನೊಂದು ಸಲ ಮಾಡಿದಂತೆ ಆಗುವುದು ಅಲ್ಲೇ. ಶಿಕ್ಷಕರ ಪರಿಣಾಮಕಾರಿತ್ವ ಮೊದಲ ಕೆಲವು ವರ್ಷಗಳಲ್ಲಿ ಬೇಗ ಏರಿ ಆಮೇಲೆ ನಿಧಾನವಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಒಂದು ಕಾರಣ ಇದಿರಬಹುದು: ಆ ಹೊತ್ತಿಗೆ ತರಗತಿ ಹಿಡಿತಕ್ಕೆ ಬಂದಿರುತ್ತದೆ, ಕವಲುಗಳು ಕಾಣುವುದು ನಿಲ್ಲುತ್ತದೆ.

ಇದಕ್ಕೆ ಇನ್ನೊಂದು ಹಳೆಯ ಭಾರವೂ ಸೇರುತ್ತದೆ. ಶಿಕ್ಷಕರಾಗುವವರು ತರಬೇತಿಗೆ ಕಾಲಿಡುವ ಮೊದಲೇ ವಿದ್ಯಾರ್ಥಿಗಳಾಗಿ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡುತ್ತ ಕಳೆದಿರುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಬರೆದರು. ನಾವು ಬೆಂಚಿನಿಂದ ಕಂಡದ್ದು ಶಿಕ್ಷಕರ ನಡೆಯನ್ನು ಮಾತ್ರ, ಆ ನಡೆಯ ಹಿಂದಿನ ಯೋಚನೆಯನ್ನಲ್ಲ. ಒತ್ತಡದ ಗಳಿಗೆಯಲ್ಲಿ ಬಾಯಿಗೆ ಬರುವುದು ತರಬೇತಿಯ ಪಾಠವಲ್ಲ, ಆ ಗಂಟೆಗಳ ಪಾಠ. ‘ಬೇರೆ ಯಾರು ಹೇಳುತ್ತೀರಿ?’ ಎಂಬ ವಾಕ್ಯವನ್ನು ನಿಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಾರರು.

ನಿಮ್ಮ ಸಹೋದ್ಯೋಗಿಯ ವಿಚಾರ. ಅವರು ಬರೆಯುವುದಿಲ್ಲ ಎಂದಿರಿ. ಯೋಚಿಸುವುದಿಲ್ಲ ಎಂದು ನೀವೂ ಹೇಳಿಲ್ಲ. ವೃತ್ತಿಪರರು ಹೇಗೆ ಯೋಚಿಸುತ್ತಾರೆಂದು ಅಧ್ಯಯನ ಮಾಡಿದ ಡೊನಾಲ್ಡ್ ಶೋನ್ 1983ರಲ್ಲಿ ಎರಡು ಬಗೆಯ ಚಿಂತನೆಯನ್ನು ಬೇರ್ಪಡಿಸಿದರು: ಕೆಲಸ ಮುಗಿದ ಮೇಲೆ ಅದರ ಬಗ್ಗೆ ನಡೆಯುವುದು, ಕೆಲಸದ ನಡುವೆಯೇ ನಡೆಯುವುದು. (ಅವರು ಉದಾಹರಣೆಗೆ ಎತ್ತಿಕೊಂಡದ್ದು ವಾಸ್ತುಶಿಲ್ಪಿಗಳು, ಮನೋಚಿಕಿತ್ಸಕರು, ಎಂಜಿನಿಯರುಗಳಂತಹವರನ್ನು. ಶಾಲೆಯವರ ಬಗ್ಗೆ ಅಷ್ಟಾಗಿ ಬರೆಯದ ಅವರನ್ನು ಶಿಕ್ಷಕರ ತರಬೇತಿಯವರು ತಮ್ಮವರನ್ನಾಗಿ ಮಾಡಿಕೊಂಡರು.) ಒಳ್ಳೆಯ ಶಿಕ್ಷಕಿ ಮಗುವಿನ ಮುಖದ ಗೆರೆ ನೋಡಿ ಅರ್ಧ ವಾಕ್ಯದಲ್ಲಿ ಉದಾಹರಣೆ ಬದಲಿಸುತ್ತಾರೆ. ಅವರ ಪಾಠ ಮುಗಿದ ಕೂಡಲೇ ‘ಆ ಲೆಕ್ಕವನ್ನು ನಡುವೆ ಬಿಟ್ಟು ಚಿತ್ರ ಬರೆದಿರಲ್ಲ, ಯಾಕೆ?’ ಎಂದು ಕೇಳಿ ನೋಡಿ. ನಿಮ್ಮ ಪುಸ್ತಕದ ವರ್ಷದ ಪುಟಗಳಲ್ಲಿ ಇಲ್ಲದಷ್ಟು ಮರುಚಿಂತನೆ ಮೂರು ನಿಮಿಷದಲ್ಲಿ ಹೊರಬೀಳುತ್ತದೆ. ಹಾಗೆ ಕೇಳುವವರು ಇಲ್ಲದಿದ್ದರೆ ಅವರ ಆ ತಿಳಿವು ಅವರೊಂದಿಗೇ ನಿವೃತ್ತಿಯಾಗುತ್ತದೆ ಎಂಬುದು ಬೇರೆ ಮಾತು.

ಆದರೆ ಬರೆಯದ, ದಾಖಲಿಸದ ಚಿಂತನೆಗೆ ಒಂದು ಕುರುಡು ಬದಿ ಇದೆ. ಅದನ್ನು ನನ್ನ ಮೇಲೆಯೇ ಕಂಡವನು ನಾನು. ಕಲಿಸಲು ಶುರುಮಾಡಿ ಏಳೆಂಟು ವರ್ಷವಾಗಿತ್ತು. ನನ್ನ ತರಗತಿಯಲ್ಲಿ ಮಕ್ಕಳೇ ಹೆಚ್ಚು ಮಾತನಾಡುತ್ತಾರೆ ಎಂದು ನಾನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ, ನಂಬಿಯೂ ಇದ್ದೆ. ಒಮ್ಮೆ ಪಾಠವನ್ನು ಧ್ವನಿಮುದ್ರಿಸಿ ಮನೆಯಲ್ಲಿ ಕೇಳಿದೆ. ಪ್ರಶ್ನೆ ನನ್ನದು. ಒಂದು ಉಸಿರಿನಷ್ಟು ಬಿಡುವು. ಉತ್ತರವೂ ನನ್ನದು. ಮಕ್ಕಳ ಪಾಲಿಗೆ ಬಂದದ್ದು ವಾಕ್ಯದ ಕೊನೆಯ ಪದ, ಅದೂ ಒಕ್ಕೊರಲಿನಲ್ಲಿ. ಕೇಳುತ್ತ ಕೇಳುತ್ತ ಯಂತ್ರವನ್ನು ಎರಡು ಸಲ ನಿಲ್ಲಿಸಿದೆ, ನಾಚಿಕೆಯಿಂದ. ಸಂಸ್ಥೆಗಳ ಕಲಿಕೆಯನ್ನು ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್ ಮತ್ತು ಅದೇ ಶೋನ್ 1974ರಲ್ಲೇ ಇದನ್ನು ಹೇಳಿದ್ದರು: ನಾವು ಪಾಲಿಸುತ್ತೇವೆಂದು ಹೇಳಿಕೊಳ್ಳುವ ಸಿದ್ಧಾಂತ ಒಂದು, ನಮ್ಮ ನಡೆಯಲ್ಲಿ ಇರುವ ಸಿದ್ಧಾಂತ ಇನ್ನೊಂದು, ಎರಡರ ನಡುವಿನ ಕಂದಕ ನಮಗೆ ಮಾತ್ರ ಕಾಣುವುದಿಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆ ಒಂದು ಉಸಿರಿನ ಬಿಡುವಿಗೂ ಲೆಕ್ಕವಿದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಅಳೆದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಎಂದೂ ಬಾಯಿ ಬಿಡದ ಮಕ್ಕಳು ಮಾತನಾಡಿದರು. ಇದು ಓದಿದರೆ ಎರಡು ನಿಮಿಷದ ತಿಳಿವು. ಆದರೆ ನನ್ನ ಧ್ವನಿ ಕೇಳುವವರೆಗೆ ನಾನು ಒಂದು ಸೆಕೆಂಡಿನ ಶಿಕ್ಷಕನೆಂದು ನನಗೆ ಗೊತ್ತಿರಲಿಲ್ಲ, ಮೂರು ಸೆಕೆಂಡಿನ ಮೌನವನ್ನು ತಡೆದುಕೊಳ್ಳಲು ತಿಂಗಳುಗಳೇ ಬೇಕಾದವು. ನೀವೂ ಒಮ್ಮೆ ಹಾಗೆ ಮಾಡಿ, ಮೊಬೈಲ್ ಸಾಕು. ನೆನಪು ನಮ್ಮ ಪರವಾಗಿ ವಾದಿಸುವ ವಕೀಲ. ಸಾಕ್ಷಿ ಬೇಕಿದ್ದರೆ ಧ್ವನಿಮುದ್ರಣ, ಮಕ್ಕಳ ನೋಟ್‌ಪುಸ್ತಕ, ಹಿಂದಿನ ಬೆಂಚಿನಲ್ಲಿ ಕುಳಿತ ಸಹೋದ್ಯೋಗಿ ಇವರನ್ನೇ ಕೇಳಬೇಕು.

ಓದಿಕೊಳ್ಳುವುದೇ ಮೇಲಲ್ಲವೇ ಎಂದು ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಮರುಚಿಂತನೆಯ ಪ್ರಚಾರಕರು ಮುಚ್ಚಿಡುವ ಸಂಗತಿ ಇದು: ತಿಳಿಯದ ವಿಷಯವನ್ನು ಎಷ್ಟು ಮೆಲುಕು ಹಾಕಿದರೂ ಹಾಲು ಬರುವುದಿಲ್ಲ. ನೀರಾವಿಯ ಬಗ್ಗೆ ಶಿಕ್ಷಕರಿಗೇ ಗೊಂದಲವಿದ್ದರೆ ಆ ಹುಡುಗಿಯ ಮಾತಿನಲ್ಲಿದ್ದ ತರ್ಕ ಕಿವಿಗೆ ಬೀಳುವುದೇ ಇಲ್ಲ. ಮಕ್ಕಳ ಅಂಕಗಳ ಮೇಲೆ ಮರುಚಿಂತನೆಯ ನೇರ ಪರಿಣಾಮವನ್ನು ಅಳೆಯುವುದೂ ಕಷ್ಟ, ಏಕೆಂದರೆ ಆ ಪದದಡಿ ಒಬ್ಬೊಬ್ಬರು ಒಂದೊಂದನ್ನು ತುಂಬಿದ್ದಾರೆ. ಶಿಕ್ಷಣ ಸಂಶೋಧಕರಾದ ನೆವಿಲ್ ಹ್ಯಾಟನ್ ಮತ್ತು ಡೇವಿಡ್ ಸ್ಮಿತ್ 1995ರಲ್ಲಿ ತರಬೇತಿಯಲ್ಲಿದ್ದ ಶಿಕ್ಷಕರ ಬರಹಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗ, ನಡೆದದ್ದನ್ನು ಬರಿದೇ ವರದಿ ಮಾಡುವ ಮೊದಲ ಬಗೆಯನ್ನು ಮರುಚಿಂತನೆ ಎಂದೇ ಎಣಿಸಲಿಲ್ಲ. ನಿಮ್ಮ ಪುಸ್ತಕ ಆ ಮೊದಲ ಅಂಕಣದ್ದು. ಆದ್ದರಿಂದ ಪ್ರತಿದಿನದ ನಾಲ್ಕು ಸಾಲು ಬಿಟ್ಟು ನಾಲ್ಕು ಪುಟ ಓದಿದರೆ ನಷ್ಟವೇನೂ ಇಲ್ಲ. ಆದರೆ ಏನನ್ನು ಓದಬೇಕೆಂದು ದಾರಿ ತೋರಿಸುವುದು ಆ ಹುಡುಗಿಯ ಉತ್ತರವಾಗಿರಲಿ. ಆಗ ಅದೇ ನಾಲ್ಕು ಪುಟದಲ್ಲಿ ಹಿಂದೆ ಕಾಣದ್ದು ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಮೆಲುಕು ಕೊರಗಾಗಬಾರದು. ರಾತ್ರಿ ಹತ್ತು ಗಂಟೆಗೆ ‘ನಾನು ಈ ಕೆಲಸಕ್ಕೆ ಲಾಯಕ್ಕಲ್ಲ’ ಎಂಬಲ್ಲಿಗೆ ಮುಗಿಯುವ ಯೋಚನೆಗೆ ನಾಳೆ ಮಾಡಲು ಕೆಲಸವಿಲ್ಲ, ಆದ್ದರಿಂದ ಅದು ಸುತ್ತುತ್ತಲೇ ಇರುತ್ತದೆ. ‘ಮಕ್ಕಳು ಓದುವುದಿಲ್ಲ, ಪೋಷಕರು ಗಮನಿಸುವುದಿಲ್ಲ’ ಎಂಬುದಕ್ಕೂ ಅದೇ ಗತಿ, ದಿಕ್ಕು ಮಾತ್ರ ಬೇರೆ. ಎರಡರಲ್ಲೂ ಪಾಠದ ಮಾತೇ ಇಲ್ಲ.

ಪಾಠದಾಚೆಗೂ ಮೆಲುಕು ಹೋಗಬೇಕಾಗುತ್ತದೆ. ಶಿಕ್ಷಣ ಚಿಂತಕ ಮ್ಯಾಕ್ಸ್ ವಾನ್ ಮಾನೆನ್ 1977ರಲ್ಲಿ ಮೂರು ಹಂತ ಹೇಳಿದ್ದರು: ವಿಧಾನ ಫಲಿಸಿತೇ, ಆ ವಿಧಾನದ ಹಿಂದಿನ ನನ್ನ ಎಣಿಕೆ ಏನು, ಇದೆಲ್ಲ ಯಾರಿಗೆ ನ್ಯಾಯ ಯಾರಿಗೆ ಅನ್ಯಾಯ. ಮೂರನೆಯದು ದೊಡ್ಡ ಮಾತಿನಂತೆ ಕೇಳುತ್ತದೆ, ಆದರೆ ಅದನ್ನು ಪೆನ್ಸಿಲ್ ಹಿಡಿದು ನೋಡಬಹುದು. ತರಗತಿಯ ನಕ್ಷೆ ಬರೆದು, ಒಂದು ವಾರ ಯಾರಿಗೆ ಪ್ರಶ್ನೆ ಕೇಳಿದಿರೋ ಅವರ ಜಾಗಕ್ಕೊಂದು ಚುಕ್ಕೆ ಇಡಿ. ಚುಕ್ಕೆಗಳು ಎಲ್ಲಿ ಗುಂಪಾಗಿವೆ, ಎಲ್ಲಿ ಖಾಲಿ ಎಂದು ನೋಡಿದಾಗ ನಿಮಗೆ ನಾನು ಹೇಳಬೇಕಾದದ್ದು ಉಳಿದಿರುವುದಿಲ್ಲ.

ಸಮಯದ ಲೆಕ್ಕ ಹೀಗೆ ಹಾಕಿಕೊಳ್ಳಿ: ವಾರಕ್ಕೆ ಒಂದು ಸಲ, ಹದಿನೈದು ನಿಮಿಷ, ಒಂದೇ ಒಂದು ಘಟನೆ. ಮಗು ಹೇಳಿದ ಅಥವಾ ಬರೆದ ಮಾತು ಅದರಲ್ಲಿ ಅಕ್ಷರಶಃ ಇರಬೇಕು. ಆ ಮಾತಿಗೆ ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂಬುದಿರಬೇಕು. ಮುಂದಿನ ವಾರದೊಳಗೆ ಮಾಡಿ ನೋಡುವ ಒಂದು ಬದಲಾವಣೆ, ಅದು ಫಲಿಸಿತೆಂದು ಯಾವುದರಿಂದ ಗೊತ್ತಾಗುತ್ತದೆ ಎಂಬುದು ಇರಬೇಕು. ಕೊನೆಯದನ್ನು ಬರೆಯದವರೇ ಹೆಚ್ಚು. ಬರೆದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಕ್ರಿಯಾ ಸಂಶೋಧನೆ (ತಮ್ಮ ತರಗತಿಯಲ್ಲೇ ಒಂದು ಬದಲಾವಣೆ ಮಾಡಿ ಪರೀಕ್ಷಿಸುವ ಸಂಶೋಧನೆ) ಮಾಡುತ್ತಿರುತ್ತಾರೆ, ಹೆಸರಿನ ಭಾರವಿಲ್ಲದೆ.

ಮುಖ್ಯಶಿಕ್ಷಕರಿಗೆ ಏನು ಹೇಳಬೇಕೆಂದು ಕೇಳಿದಿರಿ. ಸಹಿ ಬೀಳುವ ಪುಸ್ತಕದಲ್ಲಿ ಯಾರೂ ಸೋಲನ್ನು ಬರೆಯುವುದಿಲ್ಲ ಎಂಬುದನ್ನು ಮೊದಲು ಹೇಳಿ. ಅದು ಅಪ್ರಾಮಾಣಿಕತೆಯಲ್ಲ, ಲೋಕಜ್ಞಾನ. ತೊಡಕು ಬರೆದವರನ್ನು ತೊಡಕಿನ ಶಿಕ್ಷಕರೆಂದು ಗುರುತಿಸುವ ಭಯವಿರುವವರೆಗೆ ಎಲ್ಲ ಪಾಠಗಳೂ ಚೆನ್ನಾಗಿಯೇ ನಡೆಯುತ್ತವೆ. ಜಪಾನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ನಡೆದುಬಂದಿರುವ ಪಾಠ ಅಧ್ಯಯನ ಪದ್ಧತಿಯಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಚರ್ಚೆ. ಅಲ್ಲಿ ಚರ್ಚೆಗೆ ಬರುವುದು ಪಾಠ. ಎಲ್ಲರೂ ಸೇರಿ ಹೆಣೆದದ್ದಾದ್ದರಿಂದ ಸೋಲು ಒಬ್ಬರ ಹೆಗಲಿಗೆ ಬೀಳುವುದಿಲ್ಲ. ಅಷ್ಟು ದೊಡ್ಡದು ನಿಮ್ಮಲ್ಲಿ ತಕ್ಷಣ ಆಗದಿರಬಹುದು. ಆದ್ದರಿಂದ ಒಂದು ಸಣ್ಣ ವಿನಿಮಯ ಕೇಳಿ ನೋಡಿ: ಪ್ರತಿದಿನದ ಸಹಿಯ ಬದಲು, ಹದಿನೈದು ದಿನಕ್ಕೊಮ್ಮೆ ಇಬ್ಬರು ಶಿಕ್ಷಕರು ಮೂವರು ಮಕ್ಕಳ ನೋಟ್‌ಪುಸ್ತಕ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂರಲು ವೇಳಾಪಟ್ಟಿಯಲ್ಲಿ ಜಾಗ. ಜೊತೆಗೆ ಆ ಬರೆಯದ ಸಹೋದ್ಯೋಗಿಯನ್ನೇ ಕೇಳಿಕೊಳ್ಳಿ. ಅನುಮತಿ ಸಿಗದಿದ್ದರೆ ಸಹಿಯ ಪುಸ್ತಕಕ್ಕೆ ಅದು ಕೇಳುವ ನಾಲ್ಕು ಸಾಲು ಕೊಟ್ಟುಬಿಡಿ, ಅದಕ್ಕೆ ಎರಡು ನಿಮಿಷ ಸಾಕು. ‘ಒಳಗಿನ ನೀರು ಜಿನುಗಿದೆ’ ಎಂಬಂತಹ ಮಾತುಗಳಿಗೆ ಬೇರೆ ನೋಟ್‌ಪುಸ್ತಕ ಇಟ್ಟುಕೊಳ್ಳಿ. ಅದಕ್ಕೆ ಯಾರ ಸಹಿಯೂ ಬೇಡ.